ಡೀಸೆಲ್ ವೆಲ್ಡಿಂಗ್ ಜನರೇಟರ್: ಇಂಜಿನ್ ಓಡುತ್ತಿದೆ, ಆರ್ಕ್ ಬರುತ್ತಿಲ್ಲ. ರೀವೈಂಡಿಂಗ್ ಮಾಡಿಸಲೇಬೇಕಾ?

ಶೆಡ್‌ಕೆಲಸ_ಹಿರಿಯೂರು

ಎಲ್ಲರಿಗೂ ನಮಸ್ಕಾರ. ನನ್ನದು ಹಿರಿಯೂರು ಕಡೆ ಸಣ್ಣ ಫ್ಯಾಬ್ರಿಕೇಶನ್ ಕೆಲಸ. ತೋಟದ ಮನೆಗಳಿಗೆ ತಗಡಿನ ಶೆಡ್, ದನದ ಕೊಟ್ಟಿಗೆ, ಗೇಟು, ನೀರಿನ ಟ್ಯಾಂಕಿಗೆ ಸ್ಟ್ಯಾಂಡು, ಇಂಥವು. ತೋಟದ ಲೈನಿನಲ್ಲಿ ತ್ರೀ ಫೇಸ್ ಬರುವುದೇ ದಿನಕ್ಕೆ 7 ಗಂಟೆ, ಅದರಲ್ಲೂ ಎಷ್ಟೋ ಸಲ ರಾತ್ರಿ ಹೊತ್ತು. ಹಾಗಾಗಿ ಡೀಸೆಲ್ ವೆಲ್ಡಿಂಗ್ ಜನರೇಟರ್ ಇಲ್ಲದೆ ನಮ್ಮ ಕೆಲಸ ನಡೆಯಲ್ಲ.

ಮೆಷಿನ್ ಎರಡು ಸಿಲಿಂಡರ್ ಏರ್ ಕೂಲ್ಡ್ ಡೀಸೆಲ್, 1500 ಆರ್‌ಪಿಎಂ, ಇಂಜಿನ್‌ಗೆ ನೇರ ಕಪ್ಲಿಂಗ್. ಡಿಸಿ ವೆಲ್ಡಿಂಗ್, ಪಕ್ಕದಲ್ಲಿ ಗ್ರೈಂಡರ್ ಹಾಕೋಕೆ 230 ವೋಲ್ಟ್ ಸಾಕೆಟ್ ಇದೆ. ಹಿಂದಿನ ಕವರ್ ತೆಗೆದರೆ ಎರಡು ರಿಂಗು, ಎರಡು ಕಾರ್ಬನ್ ಬ್ರಷ್ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಮ್ಯಾನುಯಲ್ ಇಲ್ಲ.

ಮಳೆಗಾಲ ಪೂರ್ತಿ ಟಾರ್ಪಾಲ್ ಮುಚ್ಚಿ ನಿಲ್ಲಿಸಿದ್ದೆ. ಈಗ ಸ್ಟಾರ್ಟ್ ಮಾಡಿದರೆ ಇಂಜಿನ್ ಚೆನ್ನಾಗಿಯೇ ಓಡುತ್ತಿದೆ, ಹೊಗೆ ಇಲ್ಲ, ಸೌಂಡೂ ಸರಿ ಇದೆ. ಆದರೆ ರಾಡ್ ಮುಟ್ಟಿಸಿದರೆ ಒಂದು ಕಿಡಿಯೂ ಇಲ್ಲ. ಸಾಕೆಟ್‌ಗೆ ಗ್ರೈಂಡರ್ ಹಾಕಿದರೆ ಅದೂ ತಿರುಗುತ್ತಿಲ್ಲ. ಎಂಸಿಬಿ ಆನ್‌ನಲ್ಲೇ ಇದೆ. ಕೇಬಲ್, ಹೋಲ್ಡರ್, ಅರ್ಥ್ ಕ್ಲ್ಯಾಂಪ್ ಎಲ್ಲ ಬೇರೆ ಹಾಕಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ವೈಂಡಿಂಗ್ ಅಂಗಡಿಯೊಂದಕ್ಕೆ ಫೋನ್ ಮಾಡಿ ಹೇಳಿದೆ. ಕೇಳಿದ ತಕ್ಷಣ "ರೋಟರ್ (ಒಳಗೆ ತಿರುಗುವ ಕಾಯಿಲ್) ಸುಟ್ಟಿದೆ, ಬಿಚ್ಚಿ ತಗೊಂಡು ಬನ್ನಿ, ಹೊಸದಾಗಿ ಸುತ್ತಬೇಕು" ಅಂದರು. ಮೆಷಿನ್ ಮುಖಾನೇ ನೋಡಿಲ್ಲ ಅವರು. ಕಪ್ಲಿಂಗ್ ಬಿಚ್ಚಿ ಅಷ್ಟು ಭಾರದ ರೋಟರ್ ಹೊರಗೆ ಎಳೆಯುವುದು ಸಣ್ಣ ಕೆಲಸ ಅಲ್ಲ, ದುಡ್ಡೂ ಜಾಸ್ತಿ, ಕೆಲಸ ಒಪ್ಪಿಕೊಂಡ ಕಡೆಯಿಂದ ದಿನಾ ಫೋನ್ ಬೇರೆ. ಬಿಚ್ಚುವ ಮೊದಲು ನಾನೇ ಏನಾದರೂ ಚೆಕ್ ಮಾಡಬಹುದಾ? ನನ್ನ ಹತ್ರ ಡಿಜಿಟಲ್ ಮಲ್ಟಿಮೀಟರ್ ಇದೆ.

---

ಗ್ಯಾರೇಜ್_ತಿಪಟೂರು

ರೆಸಿಡ್ಯುಯಲ್ ಹೋಗಿರುತ್ತೆ ಅಣ್ಣ. ತುಂಬಾ ದಿನ ನಿಲ್ಲಿಸಿದರೆ ರೋಟರ್ ಕಬ್ಬಿಣದಲ್ಲಿ ಉಳಿದಿರುವ ಮ್ಯಾಗ್ನೆಟ್ ಶಕ್ತಿ ಹೊರಟು ಹೋಗುತ್ತೆ. 12 ವೋಲ್ಟ್ ಬ್ಯಾಟರಿಯಿಂದ ಎರಡು ಬ್ರಷ್‌ಗೆ ಸ್ವಲ್ಪ ಹೊತ್ತು ಕರೆಂಟ್ ಕೊಡಿ, ವೋಲ್ಟೇಜ್ ಎದ್ದು ಬರುತ್ತೆ.

---

ಕಾಯಿಲ್_ಸುತ್ತುವವ

ಬ್ಯಾಟರಿ ಮಾತು ಆಮೇಲೆ. ಮೊದಲು ಅಳೆಯಿರಿ. ನಾನೂ ವೈಂಡಿಂಗ್ ಮಾಡುವವನೇ, ನನ್ನ ಅಂಗಡಿಗೆ "ಸುಟ್ಟಿದೆ" ಅಂತ ಬರುವ ರೋಟರ್‌ಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಅಳೆಯದೆ ರೋಟರ್ ಬಿಚ್ಚಬೇಡಿ.

ನೀವು ಬರೆದದ್ದರಲ್ಲೇ ದೊಡ್ಡ ಸುಳಿವಿದೆ. ವೆಲ್ಡಿಂಗೂ ಇಲ್ಲ, 230 ವೋಲ್ಟೂ ಇಲ್ಲ. ಸ್ಟೇಟರ್‌ನಲ್ಲಿ (ತಿರುಗದೆ ನಿಂತಿರುವ ಹೊರಭಾಗ) ಇವೆರಡಕ್ಕೂ ಬೇರೆ ಬೇರೆ ಕಾಯಿಲ್ ಇರುತ್ತೆ, ಎರಡೂ ಒಟ್ಟಿಗೆ ಹೋಗುವುದು ಅಪರೂಪ. ಎರಡಕ್ಕೂ ಬೇಕಾದದ್ದು ಒಂದೇ, ಅದು ಫೀಲ್ಡ್, ಅಂದರೆ ರೋಟರ್ ಕಾಯಿಲ್‌ಗೆ ಡಿಸಿ ಕೊಟ್ಟಾಗ ಹುಟ್ಟುವ ಮ್ಯಾಗ್ನೆಟ್ ಶಕ್ತಿ. ನಿಮ್ಮಂಥ ಮೆಷಿನ್‌ನಲ್ಲಿ ಸ್ಟೇಟರ್ ಒಳಗೆ ಇನ್ನೊಂದು ಚಿಕ್ಕ ಎಕ್ಸೈಟೇಶನ್ ಕಾಯಿಲ್ ಇರುತ್ತದೆ, ಅದರ ಎಸಿ ನಾಲ್ಕು ಡಯೋಡ್ ಸೇರಿಸಿ ಮಾಡಿದ ಒಂದು ಸಣ್ಣ ಬ್ರಿಡ್ಜ್‌ನಲ್ಲಿ ಡಿಸಿ ಆಗಿ, ಮುಂದೆ ನೀವು ಕರೆಂಟ್ ಹೆಚ್ಚು ಕಡಿಮೆ ಮಾಡುವ ರಿಯೋಸ್ಟಾಟ್ ದಾಟಿ, ಬ್ರಷ್ ಮತ್ತು ರಿಂಗ್ ಮೂಲಕ ರೋಟರ್‌ಗೆ ಹೋಗುತ್ತೆ. ಈ ದಾರಿಯಲ್ಲಿ ಎಲ್ಲಿ ಕಡಿದರೂ ಎರಡೂ ಕಡೆ ಕರೆಂಟ್ ಇಲ್ಲ. ರೋಟರ್ ಈ ದಾರಿಯ ಒಂದು ಭಾಗ ಅಷ್ಟೆ. ಅದೇ ವೆಲ್ಡಿಂಗ್ ಮಾತ್ರ ಇಲ್ಲ, ಗ್ರೈಂಡರ್ ಓಡುತ್ತೆ ಅಂದಿದ್ದರೆ ನಾನು ಫೀಲ್ಡ್ ಬಿಟ್ಟು ದೊಡ್ಡ ಡಯೋಡ್‌ಗಳು, ರೇಂಜ್ ಸ್ವಿಚ್ಚು, ಚೋಕ್ ಕಡೆ ನೋಡಿ ಅನ್ನುತ್ತಿದ್ದೆ.

ಈಗ ಮಾಡಬೇಕಾದದ್ದು. ಇಂಜಿನ್ ಪೂರ್ತಿ ಸ್ಪೀಡಿನಲ್ಲಿ ಓಡಲಿ, ಯಾವ ಲೋಡೂ ಬೇಡ. ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಸಾಕೆಟ್‌ನಲ್ಲಿ ನೋಡಿ. 2ರಿಂದ 6 ವೋಲ್ಟ್ ಹತ್ರ ಏನಾದರೂ ತೋರಿಸಿದರೆ ರೆಸಿಡ್ಯುಯಲ್ ಜೀವಂತ ಇದೆ, ಬ್ಯಾಟರಿ ಕೊಟ್ಟು ಪ್ರಯೋಜನ ಇಲ್ಲ, ಫೀಲ್ಡ್ ದಾರಿ ಕಡಿದಿದೆ ಅಂತ ಅರ್ಥ. ಸೊನ್ನೆ ಹತ್ರ ಇದ್ದರೆ ಆಗ ತಿಪಟೂರಿನವರು ಹೇಳಿದ್ದು ಸರಿ.

ಆಮೇಲೆ ಇಂಜಿನ್ ಆಫ್ ಮಾಡಿ, ಸ್ಟಾರ್ಟರ್ ಬ್ಯಾಟರಿಯ ಮೈನಸ್ ಬಿಚ್ಚಿಡಿ. ಬ್ರಿಡ್ಜ್‌ನಿಂದ ಬ್ರಷ್‌ಗೆ ಬರುವ ಎರಡು ವೈರ್ ಬಿಚ್ಚಿ, ಯಾವುದು ಪ್ಲಸ್ ಯಾವುದು ಮೈನಸ್ ಅಂತ ಟೇಪ್ ಅಂಟಿಸಿ ಗುರುತು ಮಾಡಿ. ಬ್ರಷ್ ಎತ್ತಿ, ಮೀಟರ್ ಓಮ್‌ಗೆ ಹಾಕಿ ನೇರವಾಗಿ ರಿಂಗಿನಿಂದ ರಿಂಗಿಗೆ ಹಿಡಿಯಿರಿ. ಎಷ್ಟು ಬರಬೇಕು ಅನ್ನುವುದು ಮೆಷಿನ್‌ನಿಂದ ಮೆಷಿನ್‌ಗೆ ಬೇರೆ, ಕೆಲವದರಲ್ಲಿ ನಾಲ್ಕೈದು ಓಮ್, ಕೆಲವದರಲ್ಲಿ ಇಪ್ಪತ್ತು ಮೂವತ್ತು. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಸೊನ್ನೆ ಹತ್ರ ತೋರಿಸಿದರೆ ಶಾರ್ಟ್. ಮುಂದೆ ಒಂದು ಪಿನ್ ರಿಂಗಿಗೆ, ಇನ್ನೊಂದು ಶಾಫ್ಟ್‌ನ ಬರಿ ಕಬ್ಬಿಣಕ್ಕೆ. ಅಲ್ಲಿ ಏನೂ ಬರಬಾರದು. ಬಂದರೆ ರೋಟರ್ ಕಾಯಿಲ್ ಕಬ್ಬಿಣಕ್ಕೆ ತಗುಲಿ ಶಾರ್ಟ್ ಆಗಿದೆ.

ಕೊನೆಗೆ ಬ್ರಷ್ ಮತ್ತೆ ಕೂರಿಸಿ, ಬಿಚ್ಚಿದ ಟರ್ಮಿನಲ್‌ಗಳಲ್ಲಿ ಅದೇ ಓಮ್ ನೋಡಿ. ರಿಂಗ್ ಮೇಲೆ ಎಷ್ಟು ಬಂತೋ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ಫ್ಲೈವೀಲ್ ಕೈಯಿಂದ ನಿಧಾನಕ್ಕೆ ತಿರುಗಿಸುತ್ತಾ ನೋಡಿ, ಅಂಕಿ ಕುಣಿಯಬಾರದು. ಇಷ್ಟು ಮಾಡಿ ಬರೆಯಿರಿ.

---

ಶೆಡ್‌ಕೆಲಸ_ಹಿರಿಯೂರು

ಮಾಡಿದೆ ಸರ್. ಸಾಕೆಟ್‌ನಲ್ಲಿ 3.4 ವೋಲ್ಟ್ ಬಂತು. ರಿಂಗಿನಿಂದ ರಿಂಗಿಗೆ 9.8 ಓಮ್. ಶಾಫ್ಟ್‌ಗೆ ಏನೂ ಇಲ್ಲ, ಓಪನ್. ಆದರೆ ಬ್ರಷ್ ಕೂರಿಸಿ ಟರ್ಮಿನಲ್‌ನಲ್ಲಿ ನೋಡಿದರೆ ಓಪನ್! ಫ್ಲೈವೀಲ್ ತಿರುಗಿಸಿದಾಗ ಒಂದೊಂದು ಕಡೆ ಸಾವಿರಗಟ್ಟಲೆ ಓಮ್ ತೋರಿಸಿ ಮತ್ತೆ ಹೋಗುತ್ತೆ.

ಬ್ರಷ್ ಹೋಲ್ಡರ್ ಬಿಚ್ಚಿ ಬಿಸಿಲಿಗೆ ತಂದು ನೋಡಿದೆ. ಒಂದು ಬ್ರಷ್ ಹಿಂದೆ, ಸ್ಪ್ರಿಂಗ್ ಸುರುಳಿ ಒಳಗೆಲ್ಲ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ. ಮಣ್ಣು ಒಣಗಿ ಗಟ್ಟಿಯಾಗಿ ಸ್ಪ್ರಿಂಗ್ ಹಿಡಿದುಕೊಂಡಿದೆ, ಬೆರಳಲ್ಲಿ ಒತ್ತಿದರೂ ಬ್ರಷ್ ಮುಂದಕ್ಕೆ ಬರ್ತಿಲ್ಲ. ಇನ್ನೊಂದು ಬ್ರಷ್ ಸಲೀಸಾಗಿ ಓಡಾಡುತ್ತೆ, ಆದರೆ ಅದು ಕೂತಿದ್ದ ಜಾಗದಲ್ಲಿ ರಿಂಗಿನ ಮೇಲೆ ಬ್ರಷ್ ಅಗಲದಷ್ಟೇ ಒಂದು ಹಸಿರು ಕಪ್ಪು ಕಲೆ. ರೋಟರ್ ಚೆನ್ನಾಗಿದೆ ಅಂತ ತಾನೇ ಅರ್ಥ?

---

ಕಾಯಿಲ್_ಸುತ್ತುವವ

ಹೌದು, ರೋಟರ್ ಚೆನ್ನಾಗಿದೆ. 9.8 ಓಮ್ ಇದ್ದು ಶಾಫ್ಟ್‌ಗೆ ಓಪನ್ ಅಂದರೆ ಅದನ್ನು ಬಿಚ್ಚುವ ಮಾತೇ ಇಲ್ಲ. ಒಂದು ಮೆಷಿನ್‌ಗೆ ಸುಮ್ನೆ ಹೊಸ ವೈಂಡಿಂಗ್ ಹಾಕಿ, ಅದೇ ಮಣ್ಣು ಹಿಡಿದ ಬ್ರಷ್ ಮತ್ತೆ ಕೂರಿಸಿದ್ದರೆ ಆಗಲೂ ಕರೆಂಟ್ ಬರುತ್ತಿರಲಿಲ್ಲ, ಯೋಚನೆ ಮಾಡಿ.

ಹೋಲ್ಡರ್‌ನಿಂದ ಬ್ರಷ್ ಪೂರ್ತಿ ಹೊರಗೆ ತೆಗೆದು ಮಣ್ಣು ಕೆದಕಿ. ನೀರು ಬೇಡ, ಒಣ ಬ್ರಷ್ ಮತ್ತು ಗಾಳಿ ಸಾಕು, ಕಾರ್ಬನ್ ಪುಡಿ ಕೂತಿದ್ದರೆ ಅದನ್ನೂ ಊದಿ ತೆಗೆಯಿರಿ. ಬ್ರಷ್ ತನ್ನ ಗೂಡಿನಲ್ಲಿ ತಾನೇ ಜಾರಬೇಕು. ಸವೆದು ಚಿಕ್ಕದಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಅಳತೆ ಸರಿಹೋಗುತ್ತೆ ಅಂತ ಗ್ರೈಂಡರ್‌ನ ಬ್ರಷ್ ಉಜ್ಜಿ ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಆ ಕಾರ್ಬನ್ನೇ ಬೇರೆ, ರಿಂಗ್ ತಿಂದು ಹಾಕುತ್ತೆ.

ರಿಂಗಿನ ಕಲೆಗೆ ಬಡಗಿಗಳು ಕೊನೆಯಲ್ಲಿ ಉಜ್ಜುವ ತುಂಬಾ ನೈಸ್ ಸ್ಯಾಂಡ್ ಪೇಪರ್ ಬಳಸಿ. ಎಮರಿ ಬೇಡ, ಅದರ ಪುಡಿ ಬ್ರಷ್ ಮುಖದಲ್ಲಿ ಕೂತು ರಿಂಗ್ ಗೀರುತ್ತೆ, ಕರೆಂಟನ್ನೂ ಹರಿಸುತ್ತೆ. ಸಣ್ಣ ಮರದ ಪಟ್ಟಿಗೆ ಪೇಪರ್ ಸುತ್ತಿ ರಿಂಗಿಗೆ ಹಗುರವಾಗಿ ಒತ್ತಿಹಿಡಿದು ಬೇರೆಯವರ ಕೈಲಿ ಫ್ಲೈವೀಲ್ ತಿರುಗಿಸಿ. ಇಂಜಿನ್ ಓಡುವಾಗ ಅಲ್ಲಿಗೆ ಕೈ ಹಾಕಬೇಡಿ. ಕನ್ನಡಿ ಹಾಗೆ ಹೊಳೆಯಬೇಕಿಲ್ಲ, ಕಲೆ ಹೋಗಿ ಒಂದೇ ಬಣ್ಣ ಬಂದರೆ ಸಾಕು.

ಕವರ್ ಹೇಗೂ ತೆಗೆದಿದ್ದೀರಿ, ಬ್ರಿಡ್ಜ್ ಕೂಡ ನೋಡಿಬಿಡಿ. ನಾಲ್ಕು ಕಾಲಿನ ಚೌಕದ ಬಿಲ್ಲೆ, ನಡುವೆ ಬೋಲ್ಟ್ ಹಾಕಿ ತಗಡಿಗೆ ಬಿಗಿದಿರುತ್ತಾರೆ. ವೈರ್ ಎಲ್ಲ ಬಿಚ್ಚಿ ಮೀಟರ್ ಡಯೋಡ್ ಗುರುತಿಗೆ ಹಾಕಿ. ಪ್ರತಿ ಎಸಿ ಕಾಲಿನಿಂದ ಪ್ಲಸ್‌ಗೆ, ಮೈನಸ್‌ನಿಂದ ಪ್ರತಿ ಎಸಿ ಕಾಲಿಗೆ 0.4ರಿಂದ 0.7 ಬರಬೇಕು, ಪಿನ್ ಅದಲು ಬದಲು ಮಾಡಿದರೆ ಓಪನ್. ಎರಡೂ ಕಡೆ ಬಂದರೆ ಅಥವಾ ಎರಡೂ ಕಡೆ ಬರದಿದ್ದರೆ ಬ್ರಿಡ್ಜ್ ಹೋಗಿದೆ. ಕೆಬಿಪಿಸಿ 3510 ಅಂತ ಕೇಳಿ, 35 ಆಂಪ್ 1000 ವೋಲ್ಟ್, ಫೀಲ್ಡ್‌ಗೆ ಧಾರಾಳವಾಯಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಲೀಸಾಗಿ ಸಿಗುತ್ತೆ. ರಿಯೋಸ್ಟಾಟ್‌ಗೂ ಓಮ್ ಹಿಡಿದು ಹಿಡಿ ನಿಧಾನ ತಿರುಗಿಸಿ, ನಡುವೆ ಎಲ್ಲಾದರೂ ಅಂಕಿ ಹಾರಿದರೆ ಅಲ್ಲಿ ತಂತಿ ಸುಟ್ಟಿದೆ.

@ಗ್ಯಾರೇಜ್_ತಿಪಟೂರು, ಬ್ಯಾಟರಿ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ರಾಡ್ ಅಂಟಿಕೊಂಡಿದ್ದಾಗಲೇ ಇಂಜಿನ್ ನಿಂತರೆ, ರೋಟರ್ ಹೊರಗೆ ತೆಗೆದು ಸುತ್ತಿಗೆಯಲ್ಲಿ ಬಡಿದರೆ ರೆಸಿಡ್ಯುಯಲ್ ನಿಜವಾಗಿಯೂ ಹೋಗುತ್ತೆ. ಆಗ ಇಂಜಿನ್ ನಿಲ್ಲಿಸಿ, ಬ್ರಿಡ್ಜ್‌ನ ವೈರ್ ಬಿಚ್ಚಿಟ್ಟು, ಪ್ಲಸ್ ಬ್ರಷ್‌ಗೆ ಬ್ಯಾಟರಿ ಪ್ಲಸ್, ಮೈನಸ್‌ಗೆ ಮೈನಸ್, ಕೆಲವು ಸೆಕೆಂಡ್ ಸಾಕು. ಉಲ್ಟಾ ಕೊಟ್ಟರೆ ಏನಾಗುತ್ತೆ ಅಂದರೆ, ಬ್ರಿಡ್ಜ್ ಯಾವಾಗಲೂ ಒಂದೇ ದಿಕ್ಕಿಗೆ ಕರೆಂಟ್ ಕಳಿಸುತ್ತೆ ಅಲ್ವಾ, ಅದು ಉಲ್ಟಾ ಕೂತ ಮ್ಯಾಗ್ನೆಟ್ ಶಕ್ತಿಯನ್ನು ಅಳಿಸುತ್ತಾ ಹೋಗುತ್ತೆ, ವೋಲ್ಟೇಜ್ ಏಳುವುದೇ ಇಲ್ಲ. ವೈರ್ ಬಿಡಿಸುವಾಗ ಕಾಯಿಲ್ ಜೋರಾಗಿ ಹೊಡೆಯುತ್ತೆ, ಬರಿ ತುದಿ ಮುಟ್ಟಬೇಡಿ, ಬ್ಯಾಟರಿ ಹತ್ರ ಕಿಡಿ ಬೀಳದ ಹಾಗೆ ಬ್ರಷ್ ಕಡೆಯಿಂದ ಬಿಡಿಸಿ. ಇನ್ನೊಂದು, ಸೆಲ್ಫ್ ಸ್ಟಾರ್ಟ್ ಇರುವ ಕೆಲವು ಮೆಷಿನ್‌ಗಳು ಸ್ಟಾರ್ಟ್ ಆಗುವಾಗ ಬ್ಯಾಟರಿಯಿಂದ ಒಂದು ಡಯೋಡ್ ಮೂಲಕ ತಾವೇ ಫೀಲ್ಡ್‌ಗೆ ಕೊಟ್ಟುಕೊಳ್ಳುತ್ತವೆ. ಅಂಥವು ಪ್ರತಿ ಸಲ ಬ್ಯಾಟರಿ ಕೊಟ್ಟರೆ ಮಾತ್ರ ಏಳುತ್ತವೆ ಅಂದರೆ ಆ ಡಯೋಡ್ ಅಥವಾ ಅದರ ಫ್ಯೂಸ್ ನೋಡಿ.

---

ಶೆಡ್‌ಕೆಲಸ_ಹಿರಿಯೂರು

ಎದ್ದಿತು ಸರ್!! ತುಂಬಾ ಥ್ಯಾಂಕ್ಸ್. ಬ್ರಿಡ್ಜ್ ಸರಿ ಇತ್ತು, ರಿಯೋಸ್ಟಾಟ್ ಸರಿ ಇತ್ತು, ಬ್ರಷ್ ಮತ್ತು ರಿಂಗ್ ಕ್ಲೀನ್ ಮಾಡಿದ್ದಷ್ಟೆ. ಸಾಕೆಟ್‌ನಲ್ಲಿ 234 ವೋಲ್ಟ್, ವೆಲ್ಡಿಂಗ್ ಟರ್ಮಿನಲ್‌ನಲ್ಲಿ ಲೋಡ್ ಇಲ್ಲದೆ 71 ವೋಲ್ಟ್ ಡಿಸಿ. 10 ನಂಬರ್ ರಾಡ್ (3.15 ಎಂಎಂ, 6013) ನೀಟಾಗಿ ಓಡುತ್ತೆ.

ಆದರೆ ಇನ್ನೊಂದು ತೊಂದರೆ. ಕಂಬಕ್ಕೆ ಪ್ಲೇಟ್ ಹಾಕೋಕೆ 8 ನಂಬರ್ (4 ಎಂಎಂ) ಹಾಕಿದೆ. ಶುರುವಿನಲ್ಲಿ ಚೆನ್ನಾಗಿರುತ್ತೆ, ಅರ್ಧ ರಾಡ್ ಉರಿಯುವಷ್ಟರಲ್ಲಿ ಇಂಜಿನ್ ಸೌಂಡ್ ಇಳಿದು ಆರ್ಕ್ ತೆಳುವಾಗಿ ರಾಡ್ ಅಂಟಿಕೊಳ್ಳುತ್ತೆ. ಮಳೆಗಾಲಕ್ಕೆ ಮುಂಚೆ ಇದೇ ರಾಡ್ ಪೂರ್ತಿ ಉರಿಯುತ್ತಿತ್ತು. ಇದೂ ಫೀಲ್ಡಾ?

---

ಬೋರ್_ಲಾರಿ

ಇದು ಇಂಜಿನ್ ಕಡೆಯದು. ನಾನು ಬೋರ್‌ವೆಲ್ ಗಾಡಿಯಲ್ಲಿ ಇರುವವನು, ಕೇಸಿಂಗ್ ಪೈಪ್ ಜಾಯಿಂಟ್ ಎಲ್ಲ ಇಂಥದ್ದೇ ಸೆಟ್‌ನಲ್ಲಿ ಹೊಡೆಯೋದು. ಕೇಸಿಂಗ್ ಅರ್ಧ ಇಳಿದು ನೇತಾಡುತ್ತಿರುವಾಗ ವೆಲ್ಡಿಂಗ್ ಸೆಟ್ ಕೈಕೊಟ್ಟರೆ ಇಡೀ ಗಾಡಿ ನಿಂತ ಹಾಗೆ, ಅದಕ್ಕೇ ಈ ವಿಷಯ ನಮಗೆ ಚೆನ್ನಾಗಿ ಗೊತ್ತು.

ಊಹೆ ಬೇಡ, ನಿಮ್ಮ ಮೀಟರ್‌ನಲ್ಲಿ ಹರ್ಟ್ಸ್ ಇದೆಯಾ ನೋಡಿ. 1500 ಆರ್‌ಪಿಎಂ ಮೆಷಿನ್‌ಗೆ ಹರ್ಟ್ಸ್ ಅನ್ನು 30ರಿಂದ ಗುಣಿಸಿದರೆ ಅದೇ ಆರ್‌ಪಿಎಂ. ಲೋಡ್ ಇಲ್ಲದಾಗ 52 ಹತ್ರ ಇರಬೇಕು, ಲೋಡ್ ಬಿದ್ದಾಗ ಗವರ್ನರ್ (ಇಂಜಿನ್ ಸ್ಪೀಡ್ ಕಾಯುವ ಭಾಗ) ಹಿಡಿದು 50ರ ಆಸುಪಾಸು ನಿಲ್ಲಬೇಕು. ಸಾಕೆಟ್‌ಗೆ ಮೀಟರ್ ಚುಚ್ಚಿಟ್ಟು, ಒಬ್ಬರು ವೆಲ್ಡಿಂಗ್ ಮಾಡಲಿ, ಇನ್ನೊಬ್ಬರು ಅಂಕಿ ನೋಡಲಿ. ಹರ್ಟ್ಸ್ ಬಿದ್ದರೆ ಇಂಜಿನ್‌ಗೆ ಡೀಸೆಲ್ಲೋ ಗಾಳಿಯೋ ಸಾಲುತ್ತಿಲ್ಲ. ಹರ್ಟ್ಸ್ ನಿಂತಿದ್ದು ಆರ್ಕ್ ಮಾತ್ರ ಸೋತರೆ ಕರೆಂಟ್ ಕಡೆಯ ತೊಂದರೆ.

ಬೀಳುತ್ತೆ ಅಂತಲೇ ಇಟ್ಟುಕೊಳ್ಳಿ. ಮೊದಲು ಡೀಸೆಲ್ ಟ್ಯಾಂಕ್ ಮುಚ್ಚಳ ಸಡಿಲ ಮಾಡಿ ಅದೇ ರಾಡ್ ಓಡಿಸಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಟ್ಯಾಂಕ್ ಒಳಗೆ ಗಾಳಿ ಹೋಗದೆ ಡೀಸೆಲ್ ಇಳಿಯಲ್ಲ, ಸಡಿಲ ಮಾಡಿದ ತಕ್ಷಣ ಸರಿಹೋಗುತ್ತೆ. ಹಾಗಾಗದಿದ್ದರೆ ಏರ್ ಕ್ಲೀನರ್, ಆಮೇಲೆ ಡೀಸೆಲ್ ಫಿಲ್ಟರ್. ಲೋಡಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಚಿಮ್ಮಿಸುವ ನಾಝಲ್ ಸರಿಯಿಲ್ಲ. ಹೊಗೆಯೇ ಇಲ್ಲದೆ ಸುಮ್ಮನೆ ಸೊರಗಿದರೆ ಡೀಸೆಲ್ ಬರುತ್ತಿಲ್ಲ. ಗವರ್ನರ್ ಸ್ಕ್ರೂಗೆ ಮಾತ್ರ ಕೈ ಹಾಕಬೇಡಿ. ಲೋಡಿನಲ್ಲಿ ಬಿತ್ತು ಅಂತ ಸ್ಪೀಡ್ ಜಾಸ್ತಿ ಮಾಡಿದರೆ ಲೋಡ್ ಇಲ್ಲದಾಗ ವೋಲ್ಟೇಜ್ ಏರಿ ಗ್ರೈಂಡರ್ ಸುಡುತ್ತೆ.

---

ಶೆಡ್‌ಕೆಲಸ_ಹಿರಿಯೂರು

ಲೋಡ್ ಇಲ್ಲದಾಗ 52, ರಾಡ್ ಶುರು ಮಾಡಿದಾಗ 50, ಅರ್ಧಕ್ಕೆ ಬರುವಾಗ 43ಕ್ಕೆ ಬಿತ್ತು. ಹೊಗೆ ಇಲ್ಲ. ಮುಚ್ಚಳ ಸಡಿಲ ಮಾಡಿದರೂ ಅದೇ. ಫಿಲ್ಟರ್ ಬಿಚ್ಚಿದರೆ ತಳದಲ್ಲಿ ತುಕ್ಕಿನ ಬಣ್ಣದ ನೀರು, ಮೇಲೆ ಲೋಳೆ ಥರ ಏನೋ, ಫಿಲ್ಟರ್ ಕಾಗದ ಪೂರ್ತಿ ಕಪ್ಪು. ಮಳೆ ನೀರು ಹೇಗೆ ಹೋಯಿತು ಅಂತ ಗೊತ್ತಾಗ್ತಿಲ್ಲ, ಮುಚ್ಚಳ ಬಿಗಿಯಾಗೇ ಇತ್ತು.

---

ಬೋರ್_ಲಾರಿ

ಮಳೆ ನೀರೇ ಆಗಬೇಕಿಲ್ಲ. ಅರ್ಧ ಟ್ಯಾಂಕ್ ಡೀಸೆಲ್ ಬಿಟ್ಟು ನಿಲ್ಲಿಸಿದರೆ ಉಳಿದರ್ಧದಲ್ಲಿರುವ ತೇವದ ಗಾಳಿ ರಾತ್ರಿ ತಣ್ಣಗಾಗಿ ಒಳಗೋಡೆಯಲ್ಲಿ ಬೆವರು ಕಟ್ಟಿ ನೀರಾಗಿ ತಳ ಸೇರುತ್ತೆ. ಡೀಸೆಲ್‌ಗೂ ನೀರಿಗೂ ನಡುವೆ ಆ ಲೋಳೆ ಬೆಳೆಯುತ್ತೆ. ತುಂಬಾ ದಿನ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ ನಿಲ್ಲಿಸಿ.

ಈಗ ಟ್ಯಾಂಕಿನ ತಳದ ಡ್ರೈನ್ ಬಿಚ್ಚಿ ಶುದ್ಧ ಡೀಸೆಲ್ ಬರುವವರೆಗೂ ಇಳಿಸಿ, ಹೊಸ ಫಿಲ್ಟರ್ ಹಾಕಿ. ಆಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬಂದ ಮೇಲೆ ಬಿಗಿ ಮಾಡಿ, ಮುಂದೆ ಪಂಪಿನ ಸ್ಕ್ರೂಗೂ ಹಾಗೇ. ಆದರೂ ಸ್ಟಾರ್ಟ್ ಆಗದಿದ್ದರೆ ನಾಝಲ್‌ಗೆ ಹೋಗುವ ಪೈಪ್‌ನ ನಟ್ ಒಂಚೂರು ಸಡಿಲಿಸಿ ಇಂಜಿನ್ ತಿರುಗಿಸಿ. ಅಲ್ಲಿ ಡೀಸೆಲ್ ಬರುತ್ತಾ ಅಂತ ಬೆರಳಿಟ್ಟು ನೋಡಲೇಬೇಡಿ. ಆ ಪ್ರೆಶರ್‌ಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

---

ಕಾಯಿಲ್_ಸುತ್ತುವವ

ಬೋರ್ ಗಾಡಿಯವರು ಹರ್ಟ್ಸ್ ನೋಡಿ ಅಂದದ್ದು ನೂರಕ್ಕೆ ನೂರು ಸರಿ. ಫಿಲ್ಟರ್ ಬದಲಾಯಿಸಿ ಹರ್ಟ್ಸ್ ನಿಂತ ಮೇಲೂ ಆರ್ಕ್ ಸೋತರೆ ಎರಡು ಕಡೆ ನೋಡಿ. ಒಂದು ಕೇಬಲ್. 35 ಚದರ ಎಂಎಂ ತಾಮ್ರದ್ದೇ ಆದರೂ ಹೋಗುವುದು 50 ಮೀಟರ್, ಬರುವುದು 50 ಮೀಟರ್ ಇದ್ದರೆ 150 ಆಂಪ್‌ಗೆ ಸುಮಾರು 8 ವೋಲ್ಟ್ ಕೇಬಲ್‌ನಲ್ಲೇ ಹೋಗುತ್ತೆ. ಅದೇ ದಪ್ಪದ ಅಲ್ಯುಮಿನಿಯಂ ಆದರೆ ಇನ್ನೂ ಜಾಸ್ತಿ. ಒಂದು ರಾಡ್ ಉರಿಸಿ ಮೆಷಿನ್ ನಿಲ್ಲಿಸಿದ ಮೇಲೆ ಕೇಬಲ್ ತುದಿಯ ಲಗ್ ಮುಟ್ಟಿ ನೋಡಿ, ಯಾವುದು ಸುಡುತ್ತೋ ಅದು ಸಡಿಲ.

ಇನ್ನೊಂದು ದೊಡ್ಡ ಡಯೋಡ್‌ಗಳು. ವೆಲ್ಡಿಂಗ್ ಕಾಯಿಲ್ ತ್ರೀ ಫೇಸ್ ಆಗಿದ್ದರೆ ಆರು ಇರುತ್ತವೆ. ಒಂದು ಓಪನ್ ಆದರೆ ಆರ್ಕ್ ಒರಟಾಗಿ ಚಟಪಟ ಅನ್ನುತ್ತೆ, ರಾಡ್ ಅಂಟುತ್ತೆ. ಒಂದು ಶಾರ್ಟ್ ಆದರೆ ರಾಡ್ ಮುಟ್ಟಿಸದೇ ಇದ್ದರೂ ಇಂಜಿನ್ ಗೊರಗುಟ್ಟುತ್ತೆ, ಸ್ಟೇಟರ್ ಬಿಸಿಯಾಗುತ್ತೆ. ಆ ಗೊರಗು ಕೇಳಿದರೆ ತಕ್ಷಣ ನಿಲ್ಲಿಸಿ, ಹಾಗೇ ಓಡಿಸಿದರೆ ಆಗ ನಿಜವಾಗಿಯೂ ವೈಂಡಿಂಗ್ ಸುಡುತ್ತೆ. ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಶನ್ ನೋಡುವ ಮೀಟರ್) ಹಾಕುವವರು ಬಂದರೆ ಡಯೋಡ್ ವೈರ್ ಎಲ್ಲ ಬಿಚ್ಚಿದ ಮೇಲೆ ಹಾಕಲಿ. 500 ವೋಲ್ಟ್‌ಗೆ ಒಳ್ಳೆ ಡಯೋಡ್‌ಗಳೂ ಹೋಗಬಹುದು.

---

ಶೆಡ್‌ಕೆಲಸ_ಹಿರಿಯೂರು

ಫಿಲ್ಟರ್ ಹೊಸದು, ಟ್ಯಾಂಕ್ ತೊಳೆದೆ, ಏರ್ ತೆಗೆದೆ. 8 ನಂಬರ್ ರಾಡ್ ಪೂರ್ತಿ ಉರಿದರೂ 50ರಿಂದ ಕೆಳಗೆ ಇಳಿಯಲಿಲ್ಲ. ಕಂಬದ ಪ್ಲೇಟ್ ಎಲ್ಲ ಮುಗಿಯಿತು. ಅರ್ಥ್ ಕಡೆಯ ಲಗ್ ಸ್ವಲ್ಪ ಬಿಸಿ ಇತ್ತು, ಕತ್ತರಿಸಿ ಹೊಸದು ಹಾಕಿದೆ. ಮೂವರಿಗೂ ನಮಸ್ಕಾರ. ಬ್ರಷ್ ಕಡೆ ಕವರ್‌ನ ಗಾಳಿ ಕಿಂಡಿಗೆ ಸಣ್ಣ ಜಾಲರಿ ಹಾಕಲಾ, ಹುಳ ಹೋಗದ ಹಾಗೆ?

---

ಕಾಯಿಲ್_ಸುತ್ತುವವ

ಓಡಿಸುವಾಗ ಬೇಡ, ಜಾಲರಿಗೆ ಧೂಳು ಕಟ್ಟಿ ಗಾಳಿ ನಿಂತರೆ ಬಿಸಿಯಾಗುತ್ತೆ. ನಿಲ್ಲಿಸುವಾಗ ಮಾತ್ರ ಬಟ್ಟೆ ಕಟ್ಟಿ, ಸ್ಟಾರ್ಟ್ ಮಾಡುವವರಿಗೆ ಕಾಣುವ ಹಾಗೆ ಕೆಂಪು ಬಟ್ಟೆ ಕಟ್ಟಿ.

---

ಗ್ರಿಲ್_ಅಂಗಡಿ

ಇಲ್ಲೇ ಕೇಳುತ್ತೇನೆ, ನನ್ನದು ಸಣ್ಣ ಪೆಟ್ರೋಲ್ ವೆಲ್ಡಿಂಗ್ ಜನರೇಟರ್, 3000 ಆರ್‌ಪಿಎಂ. ಇದರಲ್ಲೂ ಎರಡೂ ಇಲ್ಲ, ಸಾಕೆಟ್‌ನಲ್ಲಿ 4 ವೋಲ್ಟ್ ಬರುತ್ತೆ. ಆದರೆ ಬ್ರಷ್ಷೇ ಇಲ್ಲ, ಒಂದು ಕೆಪಾಸಿಟರ್ ಇದೆ.

---

ಕಾಯಿಲ್_ಸುತ್ತುವವ

ನಿಮ್ಮದರಲ್ಲಿ ಬ್ರಷ್ ಕೆಲಸವನ್ನು ಆ ಕೆಪಾಸಿಟರ್ ಮಾಡುತ್ತೆ. ಅದು ಸತ್ತರೆ ಹೀಗೇ ನಾಲ್ಕೈದು ವೋಲ್ಟ್ ಮಾತ್ರ ಉಳಿಯುತ್ತೆ. ಇಂಜಿನ್ ನಿಲ್ಲಿಸಿ, ಕೆಪಾಸಿಟರ್ ಕಾಲುಗಳಿಗೆ ಒಂದು 230 ವೋಲ್ಟ್ ಬಲ್ಬ್ ಹಿಡಿದು ಡಿಸ್ಚಾರ್ಜ್ ಮಾಡಿ, ಹಳೆ ಕಾಲದ ತಂತಿ ಬಲ್ಬ್, ಎಲ್‌ಇಡಿ ಅಲ್ಲ. ಒಂದು ಕಾಲು ಬಿಚ್ಚಿ ಮೀಟರ್‌ನಲ್ಲಿ ಮೈಕ್ರೋಫ್ಯಾರಡ್ ನೋಡಿ. ಮೈಮೇಲೆ ಬರೆದದ್ದಕ್ಕಿಂತ ತುಂಬಾ ಕಡಿಮೆ ಇದ್ದರೆ ಅದೇ ಅಳತೆಯದ್ದು ಹಾಕಿ, ವೋಲ್ಟ್ ರೇಟಿಂಗ್ ಅದರಷ್ಟೇ ಅಥವಾ ಜಾಸ್ತಿ ಇರಲಿ. ಹೆಚ್ಚು ಮೈಕ್ರೋಫ್ಯಾರಡ್ ಹಾಕಿದರೆ ಕರೆಂಟ್ ಜಾಸ್ತಿ ಬರುತ್ತೆ ಅಂತ ಹಾಕಬೇಡಿ, ವೋಲ್ಟೇಜ್ ಏರಿ ಕಾಯಿಲ್ ಸುಡುತ್ತೆ. ಕೆಪಾಸಿಟರ್ ಸರಿ ಇದ್ದರೆ ರೋಟರ್ ಮೇಲೆ ಕೂತಿರುವ ಡಯೋಡ್‌ಗಳನ್ನು ನೋಡಬೇಕು, ಅದಕ್ಕೆ ಹಿಂದಿನ ಕವರ್ ತೆಗೆಯಬೇಕಾಗುತ್ತೆ. ಚೆಕ್ ಮಾಡುವಾಗ ಮೆಷಿನ್ ಅಂಗಡಿ ಹೊರಗೆ ಇರಲಿ, ಪೆಟ್ರೋಲ್ ಹೊಗೆ ಒಳಗೆ ತುಂಬಿಕೊಂಡರೆ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವ ಮೊದಲೇ ತಲೆ ಸುತ್ತಿ ಬೀಳುತ್ತೀರಿ. ಕೆಪಾಸಿಟರ್ ಮೇಲೆ ಎಷ್ಟು ಬರೆದಿದೆ, ಮೀಟರ್‌ನಲ್ಲಿ ಎಷ್ಟು ಬಂತು, ಎರಡೂ ಬರೆಯಿರಿ.